ಅಣ್ಣಾವ್ರ ಅಪಹರಣದ ಸುದ್ದಿ ಬಂದಾಗ ಅಜ್ಜ ಎಲ್ಲಿದ್ದರು?

ರಾಜ್‌ಕುಮಾರ್ ಅಪಹರಣದ ಸುದ್ದಿಯನ್ನು ನಿಮಗೆ ಮೊದಲು ಹೇಳಿದ್ದು ಯಾರು? ಮೂವತ್ತೈದು ದಾಟಿದ ಯಾರನ್ನಾದರೂ ಹೀಗೆ ಕೇಳಿ ನೋಡಿ. ತಡವರಿಸದೆ ಹೇಳುತ್ತಾರೆ. ಎಲ್ಲಿ ನಿಂತಿದ್ದೆ, ಯಾರು ಬಂದರು, ಕೈಯಲ್ಲಿ ಏನಿತ್ತು, ಎಲ್ಲಾ. ಆ 108 ದಿನಗಳ ಕಥೆ ಇಲ್ಲಿ ಬೇಡ, ಅದು ಎಲ್ಲರಿಗೂ ಗೊತ್ತಿರೋದೇ. ನನ್ನ ತಲೆ ಕೊರೆಯುತ್ತಿರೋದು ಸುದ್ದಿ ಬಂದ ಬೆಳಗ್ಗೆ ಮಾತ್ರ. 2000ದ ಜುಲೈ 31, ಸೋಮವಾರ, ತೀರ್ಥಹಳ್ಳಿ ಕಡೆಯ ನಮ್ಮ ಮನೆ. ಅವತ್ತು ನಮ್ಮ ಜಗಲಿಯಲ್ಲಿ ಏನಾಯಿತು ಅನ್ನೋದಕ್ಕೆ ನಮ್ಮ ಮನೆಯಲ್ಲೇ ಮೂರು ಕಥೆಗಳಿವೆ. ಮೂರೂ ಗಟ್ಟಿ. ಒಂದಕ್ಕೊಂದು ಹೊಂದೋದಿಲ್ಲ.

ಮೂರೂ ಎದುರುಬದುರಾಗಿದ್ದು ಒಮ್ಮೆ ಅಜ್ಜನ ತಿಥಿಯ ದಿನ. ಗಂಡಸರ ಊಟ ಮುಗಿದು ಜಗಲಿಯಲ್ಲಿ ಕವಳ ನಡೆದಿತ್ತು, ಹೆಂಗಸರು ಒಳಗೆ ಆಗಷ್ಟೇ ಎಲೆ ಮುಂದೆ ಕೂತಿದ್ದರು. ಯಾರೋ ಹಳೇ ಸಿನಿಮಾದ ಮಾತೆತ್ತಿದರು. ಚಿಕ್ಕಪ್ಪ ಶುರು ಮಾಡಿದರು. "ಅವತ್ತು ಬೆಳಗ್ಗೆ ಟಿವಿ ಹಾಕಿದವನು ನಾನೇ. ಸುದ್ದಿ ಬರ್ತಾ ಇತ್ತು. ಅಪ್ಪಯ್ಯ ಅಗೋ ಆ ಕಂಬಕ್ಕೆ ಒರಗಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ, ಪಾಣಿಪಂಚೆಯಲ್ಲಿ ಕಣ್ಣೊರೆಸಿಕೊಂಡರು. ಅವರು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ." ಒಳಗಿಂದ ಅಮ್ಮನ ದನಿ ಬಂತು. "ಯಾವ ಟಿವಿ ಮಾರಾಯ? ಮಳೆಗೆ ಕಂಬ ಬಿದ್ದು ಎರಡು ದಿನದಿಂದ ಕರೆಂಟೇ ಇರಲಿಲ್ಲ. ಭೀಮನ ಅಮಾವಾಸ್ಯೆ ಗಡಿಬಿಡಿಯಲ್ಲಿ ನಾನು ರೇಡಿಯೋದಲ್ಲಿ ಕೇಳಿದ್ದು." ಆಗಷ್ಟೇ ಮದುವೆಯಾಗಿ ಆ ಆಷಾಢಕ್ಕೆ ತವರಿಗೆ ಬಂದಿದ್ದ ನಮ್ಮ ಅತ್ತೆ ಇಬ್ಬರನ್ನೂ ತಳ್ಳಿಹಾಕಿದರು. ಡೈರಿಗೆ ಹಾಲು ಹಾಕಿ ಬಂದ ಹುಡುಗ ಅಂಗಳದಲ್ಲಿ ನಿಂತು ಕೂಗಿ ಹೇಳಿದ್ದಂತೆ, ರೇಡಿಯೋ ಹಾಕಿದ್ದು ಆಮೇಲಂತೆ.

ಇಷ್ಟೇ ಆಗಿದ್ದರೆ ಮಾಮೂಲಿ ಮನೆ ಜಗಳ ಅಂತ ಬಿಡಬಹುದಿತ್ತು. ಆದರೆ ಚಿಕ್ಕಪ್ಪನ ತಲೆಯ ಮೇಲ್ಗಡೆ, ಗೋಡೆಯಲ್ಲಿ, ಅವತ್ತು ಬೆಳಗ್ಗೆ ಅವರೇ ಹಾರ ಹಾಕಿದ ಅಜ್ಜನ ಫೋಟೋ ಇತ್ತು. ಅದರ ಕೆಳಗೆ ಬಿಳಿ ಅಕ್ಷರದಲ್ಲಿ ಜನನ, ಮರಣ. ಮರಣ 1999. ಚಿಕ್ಕಪ್ಪನ ಮಗ ಅದನ್ನು ನೋಡಿ, "ಅಪ್ಪಾ, ಅಷ್ಟೊತ್ತಿಗೆ ಅಜ್ಜ ಹೋಗಿ ವರ್ಷ ಆಗಿತ್ತಲ್ವಾ?" ಅಂದ. ಚಿಕ್ಕಪ್ಪ ಹಿಂದೆ ತಿರುಗಿ ಫೋಟೋ ನೋಡಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ತೀರ್ಪು ಕೊಟ್ಟರು: "ಫೋಟೋದಲ್ಲಿ ಇಸವಿ ತಪ್ಪು ಬರೆಸಿದ್ದಾರೆ."

ಎಲ್ಲರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. ವರ್ಷ ವರ್ಷ ತಪ್ಪದೆ ಅಪ್ಪನ ತಿಥಿ ಮಾಡುವ ಮನುಷ್ಯ, ಲೆಕ್ಕದಲ್ಲಿ ಜೋರು, ಸುಳ್ಳು ಹೇಳೋ ಸ್ವಭಾವ ಅಲ್ಲವೇ ಅಲ್ಲ. ಆದರೂ ತಾನು ಕಣ್ಣಾರೆ ಕಂಡ ಅಜ್ಜನ ಎದುರು ಗೋಡೆ ಮೇಲಿನ ಇಸವಿ ಅವರಿಗೆ ಲೆಕ್ಕಕ್ಕೆ ಬರಲಿಲ್ಲ. ಸಂಜೆ ಪಾತ್ರೆ ಬಳಿಯುವಾಗ ಅಮ್ಮ ನನ್ನ ಹತ್ತಿರ ಹೇಳಿದರು: "ಅಜ್ಜ ಅತ್ತಿದ್ದು ಹೌದು ಕಣೋ. ಆದರೆ ಅದು ಶಂಕರ್‌ನಾಗ್ ಹೋದಾಗ." 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡಿನ ಅಪಘಾತ. ಆಗುಂಬೆಯಲ್ಲಿ ಧಾರಾವಾಹಿ ಶೂಟಿಂಗ್ ನಡೆಯುವಾಗ ಅಜ್ಜ ಶಂಕರ್‌ನಾಗ್‌ರನ್ನು ಹತ್ತಿರದಿಂದ ನೋಡಿದ್ದರಂತೆ, ಎರಡು ಮಾತೂ ಆಡಿದ್ದರಂತೆ. ಹಾಗಾಗಿ ಆ ಸಾವು ಅವರಿಗೆ ತಟ್ಟಿತ್ತು. ಅದೇ ಜಗಲಿ, ಅದೇ ಕಂಬ, ಅದೇ ಪಾಣಿಪಂಚೆ. ಚಿಕ್ಕಪ್ಪನ ತಲೆಯಲ್ಲಿ ಹೀರೋ ಮತ್ತು ಇಸವಿ ಮಾತ್ರ ಬದಲಾಗಿತ್ತು.

ಅಮ್ಮ ಹೇಳಿದ್ದು ಸರಿ ಅಂತ ನನಗೆ ಅನಿಸುತ್ತೆ. ಹತ್ತು ವರ್ಷದ ಅಂತರ ಇರುವ ಎರಡು ದಿನಗಳು ಒಬ್ಬ ಮನುಷ್ಯನ ತಲೆಯಲ್ಲಿ ಹೇಗೆ ಒಂದಾಗಿಬಿಡುತ್ತವೆ, ಅದೂ ಅಷ್ಟು ಸ್ಪಷ್ಟವಾಗಿ, ಅನ್ನೋದರ ಹಿಂದೆ ಬಿದ್ದು ಓದಿದ್ದನ್ನೆಲ್ಲ ಇಲ್ಲಿ ಹರವಿಕೊಂಡಿದ್ದೇನೆ.

ತೆಗೆದುಹಾಕಿದ ಮೇಲೆ ತಿಳಿದದ್ದು

ನೆನಪಿಗೂ ಮೆದುಳಿನ ಒಂದು ನಿರ್ದಿಷ್ಟ ಭಾಗಕ್ಕೂ ಏನು ಸಂಬಂಧ ಅನ್ನೋದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು ಒಂದು ಆಪರೇಷನ್‌ನಿಂದ. ಅಮೆರಿಕದ ಕನೆಟಿಕಟ್‌ನ ಹೆನ್ರಿ ಮೊಲೈಸನ್ ಅವರಿಗೆ ವಿಪರೀತ ಫಿಟ್ಸ್ ಬರುತ್ತಿತ್ತು. ಯಾವ ಔಷಧಿಗೂ ಬಗ್ಗಲಿಲ್ಲ. 1953ರಲ್ಲಿ, ಅವರಿಗೆ 27 ವರ್ಷ ಇದ್ದಾಗ, ವಿಲಿಯಂ ಸ್ಕೋವಿಲ್ ಅನ್ನೋ ಸರ್ಜನ್ ಮೆದುಳಿನ ಎರಡೂ ಪಕ್ಕದಿಂದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನೂ ಅದರ ಸುತ್ತಲಿನ ಭಾಗಗಳನ್ನೂ ತೆಗೆದುಹಾಕಿದರು. ಹಿಪೊಕ್ಯಾಂಪಸ್ ಅಂದರೆ ಎರಡೂ ಕಿವಿಗಳ ನೇರಕ್ಕೆ, ಮೆದುಳಿನ ಒಳಗಡೆ, ಬಾಗಿಕೊಂಡಿರುವ ಒಂದು ಸಣ್ಣ ರಚನೆ. ಫಿಟ್ಸ್ ಕಡಿಮೆ ಆಯಿತು. ಆದರೆ ಹೊಸದಾಗಿ ಏನೂ ನೆನಪಿನಲ್ಲಿ ನಿಲ್ಲದಂತಾಯಿತು. ಮಾತಾಡುತ್ತಾ ಕೂತರೆ ಸರಿಯಾಗೇ ಮಾತಾಡುತ್ತಿದ್ದರು, ಬುದ್ಧಿಗೆ ಏನೂ ಕುಂದಿರಲಿಲ್ಲ. ಡಾಕ್ಟರು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂದರೆ ಹೊಸಬರನ್ನು ನೋಡಿದ ಹಾಗೆ ನೋಡುತ್ತಿದ್ದರು. 2008ರಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಹೀಗೇ. ಬದುಕಿರುವಷ್ಟು ದಿನ ವಿಜ್ಞಾನದ ಲೇಖನಗಳಲ್ಲಿ ಅವರ ಹೆಸರನ್ನು ಗುಟ್ಟಾಗಿಟ್ಟು ಬರೀ ಎಚ್.ಎಂ. ಅಂತ ಬರೆಯುತ್ತಿದ್ದರು.

ಅವರನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿದ ಬ್ರೆಂಡಾ ಮಿಲ್ನರ್ ಒಂದು ಕೆಲಸ ಕೊಟ್ಟರು. ಕಾಗದದ ಮೇಲೆ ಜೋಡಿ ಗೆರೆಯ ಒಂದು ನಕ್ಷತ್ರ. ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಆದರೆ ಕೈ ನೇರವಾಗಿ ಕಾಣೋದಿಲ್ಲ, ಎದುರಿನ ಕನ್ನಡಿಯಲ್ಲಿ ಮಾತ್ರ ಕಾಣುತ್ತೆ. ಯಾರೇ ಆಗಲಿ ಮೊದಲು ಅಡ್ಡಾದಿಡ್ಡಿ ಹೋಗುತ್ತಾರೆ. ಹೆನ್ರಿಯೂ ಹೋದರು. ಮೂರು ದಿನ ಮಾಡಿಸಿದಾಗ ದಿನದಿಂದ ದಿನಕ್ಕೆ ಕೈ ಪಳಗಿತು, ಮೂರನೇ ದಿನಕ್ಕೆ ಹೆಚ್ಚುಕಮ್ಮಿ ತಪ್ಪೇ ಇಲ್ಲ. ಆದರೆ ಪ್ರತಿದಿನವೂ ಅವರ ಪಾಲಿಗೆ ಅದು ಹೊಸ ಆಟ. ಮುಂಚೆ ಮಾಡಿದ್ದೇ ಗೊತ್ತಿರಲಿಲ್ಲ. ಅಂದರೆ ಕೈ ಕಲಿಯುವ ನೆನಪೂ, "ನಿನ್ನೆ ಇದನ್ನು ಮಾಡಿದೆ" ಅನ್ನೋ ನೆನಪೂ ಬೇರೆ ಬೇರೆ ದಾರಿ. ಅಡಿಕೆ ಸುಲಿಯುವ ಕೈ, ಈಜು, ಸೈಕಲ್ ಇವೆಲ್ಲ ಮೊದಲನೇ ಸಾಲಿಗೆ ಸೇರಿದವು. ಅಜ್ಜ ಅತ್ತ ಬೆಳಗ್ಗೆ ಎರಡನೇ ಸಾಲಿಗೆ ಸೇರಿದ್ದು.

ನನ್ನ ಚಿಕ್ಕಪ್ಪನ ಕೇಸಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆಪರೇಷನ್‌ಗೆ ಮುಂಚಿನ ಬಾಲ್ಯದ ವಿಷಯಗಳು ಹೆನ್ರಿಗೆ ಗೊತ್ತಿದ್ದವು. ಹಾಗಾದರೆ ಹಳೇ ನೆನಪೆಲ್ಲ ಹಿಪೊಕ್ಯಾಂಪಸ್ ಒಳಗೇ ತುಂಬಿಕೊಂಡಿಲ್ಲ. ಆದರೆ ಅವರು ಹೇಳುತ್ತಿದ್ದದ್ದರಲ್ಲಿ ಸಾರಾಂಶ ಜಾಸ್ತಿ, ಕಣ್ಣಿಗೆ ಕಟ್ಟುವಂಥ ಘಟನೆ ತೀರಾ ಕಡಿಮೆ. ನಮ್ಮೂರು ಹೀಗಿತ್ತು, ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು, ಇಷ್ಟು ಬರುತ್ತಿತ್ತು. ಒಂದು ದಿನವನ್ನು ಹಿಡಿದು, ಆ ದಿನದ ಬೆಳಕು, ದನಿ, ಕೂತ ಜಾಗ ಎಲ್ಲ ಸೇರಿಸಿ ಮತ್ತೆ ಎದುರು ನಿಲ್ಲಿಸೋದಕ್ಕೆ ಹಿಪೊಕ್ಯಾಂಪಸ್ ಬೇಕಾಗುತ್ತೆ ಅಂತ ಬಹಳ ಜನ ವಿಜ್ಞಾನಿಗಳು ಹೇಳುತ್ತಾರೆ. ಆ ಸೇರಿಸೋ ಕೆಲಸದಲ್ಲೇ ಹುಳುಕು ಹೊಕ್ಕೋದು.

ಪದ್ಯ ಒಂದೇ, ಅರ್ಥ ಬೇರೆ

ಒಂದು ಬೆಳಗ್ಗೆಯ ನೆನಪು ಮೆದುಳಿನಲ್ಲಿ ಒಂದೇ ಕಡೆ ಇರೋದಿಲ್ಲ. ನೋಡಿದ್ದು ತಲೆಯ ಹಿಂಭಾಗದ ಕಡೆ, ಕೇಳಿದ್ದು ಕಿವಿಯ ಹತ್ತಿರದ ಭಾಗಗಳಲ್ಲಿ, ಎದೆ ಧಸಕ್ಕೆಂದ ಭಾವನೆಯಲ್ಲಿ ಅಮಿಗ್ಡಲಾ ಅನ್ನೋ ಬಾದಾಮಿ ಗಾತ್ರದ ಭಾಗದ ಪಾಲು. ಹೀಗೆ ಚೂರು ಚೂರು. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಒಂದೊಂದೂ ಸಾವಿರಾರು ನರಕೋಶಗಳ ಜೊತೆ ಮಾತಾಡುತ್ತೆ. ಎರಡು ನರಕೋಶ ಸಂಧಿಸುವ ಜಾಗಕ್ಕೆ ಸಿನಾಪ್ಸ್ ಅಂತಾರೆ. ಎರಡೂ ಒಟ್ಟಿಗೆ ಪದೇ ಪದೇ ಕೆಲಸ ಮಾಡಿದರೆ ನಡುವಿನ ಸಿನಾಪ್ಸ್ ಬಲವಾಗುತ್ತೆ. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೊಮೊ ಮೊಲದ ಹಿಪೊಕ್ಯಾಂಪಸ್‌ಗೆ ಚುರುಕಾಗಿ ವಿದ್ಯುತ್ ಮಿಡಿತ ಕೊಟ್ಟು, ಆ ಬಲ ಗಂಟೆಗಟ್ಟಲೆ ಉಳಿಯೋದನ್ನು ತೋರಿಸಿದರು. ಎರಿಕ್ ಕ್ಯಾಂಡೆಲ್ ಅಪ್ಲೀಸಿಯಾ ಅನ್ನೋ ಕಡಲಿನ ಗೊಂಡೆಹುಳುವನ್ನು ಹಿಡಿದು ಇನ್ನೂ ಆಳಕ್ಕೆ ಹೋದರು. ಸ್ವಲ್ಪ ಹೊತ್ತಿನ ನೆನಪಿಗೆ ಇರುವ ಸಿನಾಪ್ಸ್‌ನ ರಾಸಾಯನಿಕ ಬದಲಾದರೆ ಸಾಕು. ದಿನಗಟ್ಟಲೆ ಉಳಿಯೋ ನೆನಪಿಗೆ ಹೊಸ ಪ್ರೋಟೀನ್ ತಯಾರಾಗಬೇಕು, ಹೊಸ ಸಿನಾಪ್ಸ್‌ಗಳೇ ಹುಟ್ಟಬೇಕು. ಈ ಕೆಲಸಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. (ನಮ್ಮ ಜಗಲಿಯ ಕಥೆ ನಡೆದ ವರ್ಷವೇ. ಅಲ್ಲಿ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ, ಎಲ್ಲರೂ ಕಾಡಿನ ಕಡೆ ಕಿವಿ ಇಟ್ಟು ಕೂತಿದ್ದರು.)

ಆ ಚೂರುಗಳನ್ನೆಲ್ಲ ಒಂದು ಘಟನೆ ಅಂತ ಕಟ್ಟಿಡೋದು ಹಿಪೊಕ್ಯಾಂಪಸ್. ಮುಂದೊಂದು ದಿನ ಒಂದು ಚೂರು ಸಿಕ್ಕರೆ ಸಾಕು, ಉಳಿದವನ್ನು ಅದು ಎಳೆದು ತರುತ್ತೆ. ಮಳೆ ವಾಸನೆ ಬಂದರೆ ಹಳೇ ಸ್ಕೂಲು ಬರುತ್ತೆ. ತೊಂದರೆ ಏನೆಂದರೆ ಒಂದೇ ನರಕೋಶ ಹಲವು ನೆನಪುಗಳಲ್ಲಿ ಪಾಲುದಾರ. 1990ರ ಆ ದಿನ, 2000ದ ಈ ದಿನ, ಎರಡರಲ್ಲೂ ಏನೇನು ಸಮಾನ ಅಂತ ನೋಡಿ. ಜಗಲಿ, ಕನ್ನಡದ ದೊಡ್ಡ ನಟ, ಎದೆ ಒಡೆಯೋ ಸುದ್ದಿ, ಮನೆಮಂದಿಯೆಲ್ಲ ಒಟ್ಟಿಗೆ. ಒಂದನ್ನು ಎಳೆದರೆ ಇನ್ನೊಂದರ ಚೂರೂ ಜೊತೆಗೆ ಬರೋದು ಆಶ್ಚರ್ಯ ಅಲ್ಲ. ಬಂದ ಚೂರಿನ ಮೇಲೆ "ಇದು 1990ರದ್ದು" ಅಂತ ಚೀಟಿ ಅಂಟಿಸಿರೋದಿಲ್ಲ. ಎಲ್ಲಿಂದ ಬಂತು ಅನ್ನೋದನ್ನು ಮೆದುಳು ಆಮೇಲೆ, ಅಲ್ಲೇ, ಊಹೆ ಮಾಡಬೇಕು.

ತಾಳಮದ್ದಳೆ ಕೇಳಿ ಬೆಳೆದವನಿಗೆ ಇದು ಅರ್ಥ ಆಗೋಕೆ ಕಷ್ಟ ಇಲ್ಲ. ಪ್ರಸಂಗದ ಪದ್ಯ ಪುಸ್ತಕದಲ್ಲಿ ಅಚ್ಚಾಗಿದೆ. ಭಾಗವತರು ಯಾವ ಊರಲ್ಲಿ ಹಾಡಿದರೂ ಅದೇ ಪದ್ಯ. ಅರ್ಥ ಹಾಗಲ್ಲ. ಕೃಷ್ಣನ ಪಾತ್ರಕ್ಕೆ ಕೂತವರು ಆ ರಾತ್ರಿ, ಎದುರಿನ ಕೌರವ ಯಾರು ಅಂತ ನೋಡಿಕೊಂಡು, ಸಭೆ ಹೇಗಿದೆ ಅಂತ ನೋಡಿಕೊಂಡು, ಅಲ್ಲೇ ಮಾತು ಕಟ್ಟುತ್ತಾರೆ. ಕಥೆ ದಾರಿ ತಪ್ಪೋದಿಲ್ಲ, ಸಂಧಾನ ಮುರಿದೇ ಮುರಿಯುತ್ತೆ. ಆದರೆ ನಡುವಿನ ಮಾತು ಪ್ರತಿ ಸಲ ಹೊಸದು. ಈ ವರ್ಷ ಒಬ್ಬರ ಬಾಯಲ್ಲಿ ಬಂದ ಒಳ್ಳೇ ಮಾತು ಮುಂದಿನ ವರ್ಷ ಇನ್ನೊಬ್ಬರ ಬಾಯಲ್ಲಿ ಬರುತ್ತೆ, ಆಮೇಲೆ ಅದು ಪ್ರಸಂಗದಲ್ಲೇ ಇದ್ದದ್ದು ಅಂತ ಕೇಳುವವರು ನಂಬುತ್ತಾರೆ. ಚಿಕ್ಕಪ್ಪ ಆ ಕಥೆಯನ್ನು ಮದುವೆ, ಉಪನಯನ, ಗೃಹಪ್ರವೇಶ ಅಂತ ಎಲ್ಲ ಕಡೆ ಹೇಳಿದ್ದಾರೆ. ಅಣ್ಣಾವ್ರ ಅಪಹರಣ ಅನ್ನೋ ಪದ್ಯ ಹಾಗೇ ಇದೆ. ಅರ್ಥದಲ್ಲಿ ಯಾವಾಗಲೋ ಒಮ್ಮೆ ಅಜ್ಜ ಬಂದು ಕೂತಿದ್ದಾರೆ. ಅಜ್ಜ ಬಂದ ಮೇಲೆ ಕಥೆಗೆ ಕಳೆ ಬಂದಿರಬೇಕು, ಕೇಳಿದವರು ಅಯ್ಯೋ ಅಂದಿರಬೇಕು. ಆಮೇಲೆ ಅವರು ಎದ್ದು ಹೋಗಲೇ ಇಲ್ಲ.

ಹೇಳಿದಾಗೆಲ್ಲ ಬದಲಾಗೋದಕ್ಕೆ ಮೆದುಳಿನಲ್ಲೇ ಒಂದು ದಾರಿ ಇರಬಹುದು ಅಂತ ತೋರಿಸಿದ ಪ್ರಯೋಗವೂ 2000ದ್ದೇ. ಕರೀಂ ನಾಡರ್ ಮತ್ತು ಜೊತೆಗಾರರು ಇಲಿಗಳಿಗೆ ಒಂದು ಸದ್ದು ಕೇಳಿಸಿ ಶಾಕ್ ಕೊಟ್ಟರು. ಇಲಿ ಆ ಸದ್ದಿಗೆ ಹೆದರೋದನ್ನು ಕಲಿಯಿತು. ನೆನಪು ಗಟ್ಟಿಯಾದ ಮೇಲೆ ಮತ್ತೆ ಬರೀ ಸದ್ದು ಕೇಳಿಸಿ, ಹೆದರಿಕೆ ನೆನಪಾಗುವಂತೆ ಮಾಡಿ, ತಕ್ಷಣ ಅಮಿಗ್ಡಲಾಕ್ಕೆ ಪ್ರೋಟೀನ್ ತಯಾರಿಕೆ ತಡೆಯೋ ಔಷಧಿ ಕೊಟ್ಟರು. ಮರುದಿನ ಇಲಿಗಳು ಆ ಸದ್ದಿಗೆ ಮೊದಲಿನಷ್ಟು ಹೆದರಲಿಲ್ಲ. ನೆನಪು ಮಾಡಿಸದೆ ಸುಮ್ನೆ ಔಷಧಿ ಕೊಟ್ಟ ಇಲಿಗಳಲ್ಲಿ ಹೆದರಿಕೆ ಹಾಗೇ ಇತ್ತು. ಅಂದರೆ ನೆನಪನ್ನು ಹೊರಗೆ ತೆಗೆದಾಗ ಅದು ಸ್ವಲ್ಪ ಹೊತ್ತು ಮೆದುವಾಗುತ್ತೆ, ಮತ್ತೆ ಗಟ್ಟಿಯಾಗೋಕೆ ಹೊಸದಾಗಿ ಪ್ರೋಟೀನ್ ಬೇಕಾಗುತ್ತೆ. ಮನುಷ್ಯರಲ್ಲಿ ಇದನ್ನು ಇಷ್ಟು ಸಲೀಸಾಗಿ ತೋರಿಸೋಕೆ ಆಗಿಲ್ಲ, ಪ್ರಯೋಗಗಳ ಫಲ ಒಮ್ಮೆ ಹಾಗೆ ಒಮ್ಮೆ ಹೀಗೆ. ಹಾಗಾಗಿ ಚಿಕ್ಕಪ್ಪನ ತಲೆಯಲ್ಲಿ ಆದದ್ದು ಇದೇ ಅಂತ ನಾನು ಪ್ರಮಾಣ ಮಾಡೋದಿಲ್ಲ.

ಬೆಳಗಾಗೆದ್ದು ಬರೆಸಿಕೊಂಡ ಮೇಷ್ಟ್ರು

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದವರು ಉಲ್ರಿಕ್ ನೈಸರ್. ಅಮೆರಿಕದ ಮನಶ್ಶಾಸ್ತ್ರಜ್ಞ. ಅವರಿಗೂ ಒಂದು ಜಗಲಿ ಕಥೆ ಇತ್ತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಅನ್ನೋ ಅಮೆರಿಕದ ನೌಕಾನೆಲೆ ಮೇಲೆ ಜಪಾನ್ ದಾಳಿ ಮಾಡಿದ ಸುದ್ದಿ ಬಂದಾಗ ಅವರಿನ್ನೂ ಹುಡುಗ. ಮನೆಯಲ್ಲಿ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದರು, ನಡುವೆ ಆಟ ನಿಲ್ಲಿಸಿ ಸುದ್ದಿ ಹೇಳಿದರು, ಅಮ್ಮನಿಗೆ ಹೇಳೋಕೆ ಮಹಡಿಗೆ ಓಡಿದರು. ಎಷ್ಟೋ ವರ್ಷ ಈ ನೆನಪನ್ನು ಇಟ್ಟುಕೊಂಡಿದ್ದ ಮೇಲೆ ಒಂದು ದಿನ ಹೊಳೆಯಿತು: ಡಿಸೆಂಬರ್ ಚಳಿಯಲ್ಲಿ ಅಮೆರಿಕದಲ್ಲಿ ಯಾರೂ ಬೇಸ್‌ಬಾಲ್ ಆಡೋದಿಲ್ಲ! ಇದನ್ನು ಅವರೇ ಬರೆದು ಪ್ರಕಟಿಸಿದರು. ಆಮೇಲೆ ಬೇರೆ ಇಬ್ಬರು ಕೆದಕಿ ನೋಡಿದರು. ಅವತ್ತು ರೇಡಿಯೋದಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಿಜವಾಗಿ ಬರುತ್ತಿತ್ತು, ಜೈಂಟ್ಸ್ ಮತ್ತು ಡಾಡ್ಜರ್ಸ್ ನಡುವೆ. ನ್ಯೂಯಾರ್ಕ್‌ನಲ್ಲಿ ಇದೇ ಹೆಸರಿನ ಬೇಸ್‌ಬಾಲ್ ತಂಡಗಳೂ ಆಗ ಇದ್ದವು. ಹುಡುಗನ ತಲೆಯಲ್ಲಿ ಆಟ ಬದಲಾಗಿತ್ತು, ಉಳಿದದ್ದು ಹೆಚ್ಚುಕಮ್ಮಿ ಸರಿಯಿತ್ತು. ಶಂಕರ್‌ನಾಗ್ ಇದ್ದ ಜಾಗದಲ್ಲಿ ರಾಜ್‌ಕುಮಾರ್ ಬಂದ ಹಾಗೆ.

ಇಂಥ ನೆನಪುಗಳಿಗೆ 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಫ್ಲ್ಯಾಶ್‌ಬಲ್ಬ್ ನೆನಪು ಅಂತ ಹೆಸರಿಟ್ಟಿದ್ದರು. ಆಘಾತದ ಸುದ್ದಿ ಬಂದ ಕ್ಷಣವನ್ನು ಮೆದುಳು ಫೋಟೋ ಹೊಡೆದಂತೆ ಹಿಡಿದಿಡುತ್ತೆ ಅನ್ನೋದು ಅವರ ಅನಿಸಿಕೆ. ನೈಸರ್‌ಗೆ ಅನುಮಾನ. ಪರೀಕ್ಷೆ ಮಾಡೋದು ಹೇಗೆ? ಘಟನೆ ಆದ ಮಾರನೇ ದಿನವೇ ಬರೆಸಿಟ್ಟುಕೊಂಡಿರಬೇಕು, ಆದರೆ ಘಟನೆ ಯಾವಾಗ ಆಗುತ್ತೆ ಅಂತ ಯಾರಿಗೆ ಗೊತ್ತು? 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿಯಿತು. ನೈಸರ್ ಮರುದಿನ ಬೆಳಗ್ಗೆಯೇ ಎಮೊರಿ ವಿಶ್ವವಿದ್ಯಾಲಯದ 106 ವಿದ್ಯಾರ್ಥಿಗಳ ಕೈಗೆ ಪ್ರಶ್ನೆಪತ್ರಿಕೆ ಕೊಡಿಸಿದರು. ಎಲ್ಲಿದ್ದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ. ಎರಡೂವರೆ ವರ್ಷ ಬಿಟ್ಟು ನಿಕೋಲ್ ಹಾರ್ಷ್ ಜೊತೆ ಸೇರಿ ಅವರಲ್ಲಿ 44 ಜನರನ್ನು ಮತ್ತೆ ಹಿಡಿದು ಅದೇ ಪ್ರಶ್ನೆ ಕೇಳಿದರು.

ಕಾಲು ಭಾಗದಷ್ಟು ಜನರ ಉತ್ತರದಲ್ಲಿ ಮುಖ್ಯ ವಿವರ ಯಾವುದೂ ಹೊಂದಲಿಲ್ಲ. ಏಳು ಅಂಕಕ್ಕೆ ಸೊನ್ನೆ. ಒಬ್ಬ ಹುಡುಗಿ ಮೊದಲು ಬರೆದದ್ದು, ತರಗತಿಯಲ್ಲಿ ಕೂತಿದ್ದಾಗ ಯಾರೋ ಒಳಗೆ ಬಂದು ಮಾತಾಡಿಕೊಳ್ಳೋದು ಕೇಳಿಸಿತು ಅಂತ. ಎರಡೂವರೆ ವರ್ಷದ ಮೇಲೆ ಬರೆದದ್ದು, ಹಾಸ್ಟೆಲ್ ರೂಮಿನಲ್ಲಿ ಗೆಳತಿ ಜೊತೆ ಟಿವಿ ನೋಡುತ್ತಿದ್ದೆ, ಅದರಲ್ಲೇ ಸುದ್ದಿ ಬಂತು ಅಂತ. ಟಿವಿಯಲ್ಲೇ ಮೊದಲು ತಿಳಿಯಿತು ಅನ್ನುವವರ ಸಂಖ್ಯೆ ಶೇ. 21 ಇದ್ದದ್ದು ಶೇ. 45ಕ್ಕೆ ಏರಿತ್ತು. ಇದನ್ನು ಓದುವಾಗ ನನಗೆ ಚಿಕ್ಕಪ್ಪನ ಕರೆಂಟಿಲ್ಲದ ಟಿವಿ ಕಣ್ಮುಂದೆ ಬಂತು. ಆಮೇಲೆ ದಿನಗಟ್ಟಲೆ ಟಿವಿಯಲ್ಲಿ ನೋಡಿದ್ದು ಮೊದಲ ಕ್ಷಣದ ಮೇಲೆ ಕೂತುಬಿಡುತ್ತೆ. ಇನ್ನೂ ವಿಚಿತ್ರ ಅಂದರೆ ಆ ವಿದ್ಯಾರ್ಥಿಗಳಿಗೆ ಅವರ ಕೈಬರಹದ ಹಾಳೆ ತೋರಿಸಿದಾಗಲೂ ಹಳೇ ನೆನಪು ಮರಳಲಿಲ್ಲ. ಅಕ್ಷರ ತಮ್ಮದೇ ಅಂತ ಒಪ್ಪಿಕೊಂಡರು, ಅದರಲ್ಲಿ ಬರೆದದ್ದನ್ನು ಒಪ್ಪೋಕೆ ಕಷ್ಟಪಟ್ಟರು. ಫೋಟೋದ ಇಸವಿಯನ್ನೇ ತಪ್ಪು ಅಂದ ಚಿಕ್ಕಪ್ಪ ಇವರ ನಡುವೆ ಕೂತರೆ ಗುರುತೇ ಸಿಗೋದಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ಮಾರನೇ ದಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಟಲರಿಕೊ ಮತ್ತು ಡೇವಿಡ್ ರೂಬಿನ್ ಇದಕ್ಕೆ ಇನ್ನೊಂದು ತಿರುವು ಕೊಟ್ಟರು. ದಾಳಿಯ ನೆನಪಿನ ಜೊತೆಗೆ ಆ ದಿನಗಳ ಒಂದು ಮಾಮೂಲಿ ನೆನಪನ್ನೂ ಬರೆಸಿದರು. ತಿಂಗಳುಗಳು ಕಳೆದಂತೆ ಎರಡರಲ್ಲೂ ವಿವರ ಒಂದೇ ಥರ ತಪ್ಪತೊಡಗಿತು. ವ್ಯತ್ಯಾಸ ಇದ್ದದ್ದು ನಂಬಿಕೆಯಲ್ಲಿ. ಮಾಮೂಲಿ ನೆನಪಿನ ಮೇಲಿನ ನಂಬಿಕೆ ಇಳಿಯಿತು, ದಾಳಿಯ ನೆನಪಿನ ಮೇಲಿನ ನಂಬಿಕೆ ಇಳಿಯಲಿಲ್ಲ.

ಯಾಕೆ ಹೀಗೆ ಅಂದರೆ ಅಮಿಗ್ಡಲಾದ ಕಡೆ ಬೆರಳು ತೋರಿಸುತ್ತಾರೆ. ಭಯ, ದುಃಖ ಜೋರಾದಾಗ ಅದು ನೆನಪಿಗೆ ಒತ್ತು ಕೊಡುತ್ತೆ, ಘಟನೆಯ ತಿರುಳು ಗಟ್ಟಿಯಾಗಿ ಕೂರುತ್ತೆ. ಅಂಚಿನ ವಿವರಕ್ಕೆ ಆ ಒತ್ತು ಸಿಗಬೇಕೆಂದಿಲ್ಲ. ಒಂದೇ ಸಲದ ಆಘಾತದ ಮಾತು ಇದು. ದಿನವೂ ಒತ್ತಡವಾದರೆ ಏನಾಗುತ್ತೆ ಅನ್ನೋದರ ಬಗ್ಗೆ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲೇ ಒಳ್ಳೇ ಕೆಲಸ ಆಗಿದೆ. ಸುಮಂತ್ರ ಚಟರ್ಜಿಯವರ ತಂಡ 2002ರಲ್ಲಿ ತೋರಿಸಿದ್ದು ಇದು: ಇಲಿಗಳನ್ನು ಹತ್ತು ದಿನ, ದಿನಕ್ಕೆ ಎರಡು ಗಂಟೆ ಅಲ್ಲಾಡದಂತೆ ಹಿಡಿದಿಟ್ಟರೆ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಸೊರಗುತ್ತವೆ, ಅಮಿಗ್ಡಲಾದ ಕವಲುಗಳು ಬೆಳೆಯುತ್ತವೆ. ಒತ್ತಡ ನಿಲ್ಲಿಸಿ ಮೂರು ವಾರ ಬಿಟ್ಟರೆ ಹಿಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತೆ. ಅಮಿಗ್ಡಲಾ ಹಾಗೇ ಉಳಿಯುತ್ತೆ. ಇಲಿಯಿಂದ ಮನುಷ್ಯನಿಗೆ ನೇರ ಜಿಗಿಯಬಾರದು, ಗೊತ್ತು. ಆದರೆ ಕಷ್ಟದ ವರ್ಷಗಳನ್ನು ದಾಟಿ ಬಂದ ಎಷ್ಟೋ ಜನ ಭಯ ಮಾತ್ರ ನೆನಪಿದೆ, ಏನಾಯಿತು ಅಂತ ಸರಿಯಾಗಿ ಹೇಳೋಕೆ ಬರಲ್ಲ ಅನ್ನೋದನ್ನು ಕೇಳಿದಾಗ ಈ ಇಲಿಗಳು ನೆನಪಾಗುತ್ತವೆ.

ನೆಚ್ಚಬಹುದಾದದ್ದು

ಹಾಗಾದರೆ ನೆನಪನ್ನು ನಂಬಲೇಬಾರದಾ? ಅಷ್ಟು ದೂರ ಹೋಗೋಕೆ ನಾನು ತಯಾರಿಲ್ಲ. ಎಂಟು ಜನರ ಸವಾಲುಗಳಿಗೆ ಒಬ್ಬರೇ, ಬರೆದುಕೊಳ್ಳದೆ, ಒಟ್ಟೊಟ್ಟಿಗೆ ಉತ್ತರ ಕೊಡುವ ಅಷ್ಟಾವಧಾನ ನೋಡಿದವರಿಗೆ ಗೊತ್ತು. ಒಬ್ಬ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ, ಇನ್ನೊಬ್ಬರು ಪದ್ಯವಾಗಿ ತುಂಬಬೇಕಾದ ಒಂದು ಪಾದವನ್ನು ಸಮಸ್ಯೆಯಾಗಿ ಕೊಡುತ್ತಾರೆ, ಮತ್ತೊಬ್ಬರು ದತ್ತಪದಿ, ಅಂದರೆ ಪದ್ಯದಲ್ಲಿ ಬರಲೇಬೇಕಾದ ಪದಗಳನ್ನು. ನಡುವೆ ಒಬ್ಬರು ಗಂಟೆ ಬಾರಿಸುತ್ತಿರುತ್ತಾರೆ, ಅಪ್ರಸ್ತುತ ಪ್ರಸಂಗದವರು ಬೇಕಂತಲೇ ಅಡ್ಡಮಾತಾಡಿ ದಾರಿ ತಪ್ಪಿಸುತ್ತಾರೆ. ಅವಧಾನಿಗಳು ಒಂದೊಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾದ ಹೇಳಿ ಮುಂದೆ ಹೋಗುತ್ತಾರೆ, ಕೊನೆಗೆ ಎಲ್ಲ ಪದ್ಯಗಳನ್ನೂ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರು ಇದನ್ನು ನಮ್ಮ ಕಣ್ಣೆದುರೇ ಮಾಡಿ ತೋರಿಸಿದ್ದಾರೆ. ಪ್ರತಿಭೆಯ ಮಾತು ಪಕ್ಕಕ್ಕಿಡೋಣ. ಅಲ್ಲಿ ನೆನಪಿಗೆ ಆಸರೆ ಏನು ಅಂತ ನೋಡಿದರೆ ಛಂದಸ್ಸು. ಮಾತ್ರೆ ಒಂದು ಹೆಚ್ಚಾದರೂ ಕಿವಿಗೆ ಚುಚ್ಚುತ್ತೆ. ಎರಡನೇ ಅಕ್ಷರದ ಪ್ರಾಸ ಇದ್ದರೆ ಮುಂದಿನ ಪಾದ ಯಾವ ಅಕ್ಷರದ ಮೇಲೆ ಕಾಲಿಡಬೇಕು ಅಂತ ಮೊದಲೇ ಗೊತ್ತು. ತಪ್ಪು ಪದ ಅಲ್ಲಿ ಹೊಂದೋದೇ ಇಲ್ಲ. ಮಗ್ಗಿ ನಮಗೆ ಇವತ್ತೂ ಬಾಯಿಗೆ ಬರೋದು ಹಾಗೇ. ಚಿಕ್ಕಪ್ಪನ ಕಥೆಗೆ ಅಂಥ ಕಟ್ಟು ಇಲ್ಲ. ಅಲ್ಲಿ ಅಜ್ಜ ಬಂದರೂ ಮಾತ್ರೆ ತಪ್ಪೋದಿಲ್ಲ.

ಅಮ್ಮನ ಕಥೆಗೆ ಮಾತ್ರ ಸಣ್ಣದೊಂದು ಕಟ್ಟು ಇತ್ತು, ಭೀಮನ ಅಮಾವಾಸ್ಯೆ. ನಾನು ಸುಮ್ನೆ ಕುತೂಹಲಕ್ಕೆ ನೋಡಿದೆ. 2000ದ ಜುಲೈ 31ರ ಬೆಳಗ್ಗೆ ನಿಜವಾಗಿಯೂ ಅಮಾವಾಸ್ಯೆಯ ಹೊತ್ತೇ. ನಮ್ಮ ಕಡೆ ಹೆಂಗಸರು ಇಸವಿ ಹಿಡಿದು ನೆನಪಿಟ್ಟುಕೊಳ್ಳೋದು ಕಡಿಮೆ. ಯಾವ ಹಬ್ಬದ ಹಿಂದೆ ಮುಂದೆ, ಯಾವ ಮಗು ಹೊಟ್ಟೆಯಲ್ಲಿದ್ದಾಗ, ಯಾರ ಬಾಣಂತನದಲ್ಲಿ, ಹೀಗೆ. ಗಂಡಸರು ಅದನ್ನು ಕೇಳಿ ನಗಾಡುತ್ತಾರೆ. ನನ್ನ ಕೇಳಿದರೆ ಅದು ಇಸವಿಗಿಂತ ಗಟ್ಟಿ. ಹಬ್ಬದ ದಿನದ ಕೆಲಸ ಗೊತ್ತಿರೋದು, ಅದರ ನಡುವೆ ಸುದ್ದಿ ಬಂದರೆ ಎಲ್ಲಿ ಸೇರಿಸಬೇಕು ಅಂತಲೂ ಗೊತ್ತಿರುತ್ತೆ. ಹಾಗಂತ ರೇಡಿಯೋ ಮೊದಲೋ ಡೈರಿ ಹುಡುಗ ಮೊದಲೋ ಅನ್ನೋದು ಅಮಾವಾಸ್ಯೆಯಿಂದ ತೀರ್ಮಾನ ಆಗೋದಿಲ್ಲ. ಅತ್ತೆ ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಮನೆಯಲ್ಲಿ ಇದು ತಮಾಷೆ. ಕೋರ್ಟಿನಲ್ಲಿ ಅಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ "ತಾಗಿದಾಗ" ಅಂತ, ಕೆಲವರಿಗೆ "ನುಚ್ಚುನೂರಾಗುವಂತೆ ಗುದ್ದಿದಾಗ" ಅಂತ. ಜೋರಿನ ಮಾತು ಕೇಳಿದವರು ವೇಗ ಜಾಸ್ತಿ ಹೇಳಿದರು. ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂದರೆ, ಜೋರಿನ ಮಾತು ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು. ಫಿಲ್ಮ್‌ನಲ್ಲಿ ಗಾಜು ಒಡೆದೇ ಇರಲಿಲ್ಲ. ನಮ್ಮಲ್ಲಿ ಸಾಕ್ಷಿ ಕಟಕಟೆ ಹತ್ತೋ ಹೊತ್ತಿಗೆ ಘಟನೆ ನಡೆದು ವರ್ಷಗಳೇ ಆಗಿರುತ್ತವೆ, ಅಷ್ಟರಲ್ಲಿ ಪೊಲೀಸರಿಗೆ, ವಕೀಲರಿಗೆ, ನೆಂಟರಿಗೆ ಅಂತ ಎಷ್ಟು ಸಲ ಹೇಳಿರುತ್ತಾರೋ. ಆಶ್ಚರ್ಯ ಅಂದರೆ 1872ರ ಸಾಕ್ಷ್ಯ ಕಾಯ್ದೆ ಬರೆದವರಿಗೂ ಇದರ ಅಂದಾಜಿತ್ತು. 2024ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ 159ನೇ ಕಲಂ ಪ್ರಕಾರ, ಘಟನೆ ನಡೆದಾಗಲೇ ಅಥವಾ ಅದರ ಬೆನ್ನಿಗೇ ತಾನು ಬರೆದಿಟ್ಟದ್ದನ್ನು ನೋಡಿಕೊಂಡು ಸಾಕ್ಷಿ ನೆನಪು ತಾಜಾ ಮಾಡಿಕೊಳ್ಳಬಹುದಿತ್ತು. "ಬೆನ್ನಿಗೇ" ಅನ್ನೋದರ ಮೇಲೆ ಅವರು ಇಟ್ಟ ಒತ್ತು ನೈಸರ್ ಮೇಷ್ಟ್ರಿಗೂ ಹಿಡಿಸುತ್ತಿತ್ತು.

ಇಷ್ಟೊಂದು ಸೋರುವ ಏರ್ಪಾಡು ಯಾಕಿದೆ ಅನ್ನೋದಕ್ಕೆ ಒಂದು ಉತ್ತರ ನನಗೆ ಒಪ್ಪಿಗೆಯಾಗುತ್ತೆ. 2007ರಲ್ಲಿ ಡೆಮಿಸ್ ಹಸಾಬಿಸ್, ಎಲಿನಾರ್ ಮಗ್ವಾಯರ್ ಮತ್ತು ಜೊತೆಗಾರರು ಹಿಪೊಕ್ಯಾಂಪಸ್ ಹಾಳಾದ ಐವರನ್ನು ಕೂರಿಸಿಕೊಂಡು, ಹಿಂದಿನದ್ದನ್ನು ಬಿಡಿ, ಒಂದು ಹೊಸ ದೃಶ್ಯ ಕಲ್ಪಿಸಿಕೊಳ್ಳಿ ಅಂದರು. ಚೆಂದದ ಬೀಚಿನಲ್ಲಿ ಮಲಗಿದ್ದೀರಿ, ಏನು ಕಾಣುತ್ತೆ ಹೇಳಿ. ಐವರಲ್ಲಿ ನಾಲ್ವರಿಗೆ ಆಗಲಿಲ್ಲ. ನೀಲಿ ಆಕಾಶ, ಮರಳು, ಅಂತ ಬಿಡಿ ಬಿಡಿ ಮಾತು ಬಂತು, ಒಟ್ಟು ಚಿತ್ರ ಕಟ್ಟಲಿಲ್ಲ. ಹಿಂದಿನದನ್ನು ಕಟ್ಟೋದಕ್ಕೂ ಮುಂದಿನದನ್ನು ಕಟ್ಟೋದಕ್ಕೂ ಯಂತ್ರ ಒಂದೇ ಇರಬೇಕು. ನಾಳೆ ಮಗಳ ಮದುವೆಗೆ ಚಪ್ಪರ ಎಲ್ಲಿ ಹಾಕಿಸಲಿ, ಪಂಕ್ತಿ ಎಲ್ಲಿ ಕೂರಿಸಲಿ ಅಂತ ಕಣ್ಣಮುಂದೆ ತಂದುಕೊಳ್ಳೋಕೆ ಚಿಕ್ಕಪ್ಪನಿಗೆ ಬರುತ್ತೆ, ಅವರು ಅದರಲ್ಲಿ ಎತ್ತಿದ ಕೈ. ಅದೇ ಕೈಚಳಕ ಸತ್ತ ಅಜ್ಜನನ್ನೂ ಒಂದು ವರ್ಷ ಮುಂದಕ್ಕೆ ತಂದು ಕಂಬಕ್ಕೆ ಒರಗಿಸಿ ಕೂರಿಸಿರಬಹುದು.

ಕಪ್ ಗೆದ್ದ ರಾತ್ರಿ

ನೈಸರ್ ಕಥೆ ಓದಿದ ಮೇಲೆ ನನಗೂ ಒಂದು ಚಟ ಹತ್ತಿತ್ತು, ಇಂಥದ್ದೊಂದು ದಿನ ಬರಲಿ ಅಂತ ಕಾಯುತ್ತಿದ್ದೆ. ಬಂತು. 2025ರ ಜೂನ್ 3, ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ ಆರು ರನ್‌ಗಳಿಂದ ಗೆದ್ದು ಆರ್‌ಸಿಬಿ ಕಪ್ ಎತ್ತಿತು. ಹದಿನೆಂಟನೇ ಸೀಸನ್‌ಗೆ ಬಂದ ಕಪ್. ಕೊನೇ ಓವರ್ ಮುಗಿಯೋ ಮುಂಚೆಯೇ ಕೊಹ್ಲಿ ಕಣ್ಣಲ್ಲಿ ನೀರು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತವಾಗಿ 11 ಜನ ಸತ್ತರು. ಖುಷಿ, ಸಂಕಟ ಎರಡೂ ಒಂದರ ಮೇಲೊಂದು ಬಂದ ದಿನಗಳು. ಆ ವಾರವೇ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆಲ್ಲ ಹೇಳಿದೆ: ಕೊನೇ ಬಾಲ್ ಎಲ್ಲಿ ನೋಡಿದಿರಿ, ಜೊತೆಗೆ ಯಾರಿದ್ದರು, ಗೆದ್ದ ಕೂಡಲೇ ಮೊದಲು ಏನು ಮಾಡಿದಿರಿ, ಕಾಲ್ತುಳಿತದ ಸುದ್ದಿ ಯಾರು ಹೇಳಿದರು. ಗ್ರೂಪಿನಲ್ಲಿ ಹಾಕಬೇಡಿ, ನನಗೊಬ್ಬನಿಗೇ ಕಳಿಸಿ, ಕಳಿಸಿದ ಮೇಲೆ ನಿಮ್ಮ ಕಡೆಯಿಂದ ಡಿಲೀಟ್ ಮಾಡಿ.

ಬಂದದ್ದನ್ನೆಲ್ಲ ಪ್ರಿಂಟ್ ಹಾಕಿಸಿ ಮನೆ ಪತ್ರಗಳ ಫೈಲಿನಲ್ಲಿ ಇಟ್ಟಿದ್ದೇನೆ. ಒಂದೇ ಸೋಫಾದಲ್ಲಿ ಕೂತು ಮ್ಯಾಚ್ ನೋಡಿದ ಇಬ್ಬರು ಅಣ್ಣತಮ್ಮಂದಿರು ವಾರದೊಳಗೇ ಬೇರೆ ಬೇರೆ ಬರೆದಿದ್ದರು. ಗೆದ್ದ ತಕ್ಷಣ ನಾನೇ ಅಪ್ಪನಿಗೆ ಫೋನ್ ಮಾಡಿದೆ ಅಂತ ಒಬ್ಬ, ಅಪ್ಪನೇ ಫೋನ್ ಮಾಡಿದರು ಅಂತ ಇನ್ನೊಬ್ಬ. ಫೋನಿನ ಕಾಲ್ ಪಟ್ಟಿ ನೋಡಿದರೆ ಒಂದು ನಿಮಿಷದಲ್ಲಿ ತೀರ್ಮಾನ ಆಗುತ್ತಿತ್ತು, ನೋಡಬೇಡಿ ಅಂತ ನಾನೇ ತಡೆದೆ. ಎಷ್ಟು ವರ್ಷ ಬಿಟ್ಟು ಮತ್ತೆ ಕೇಳ್ತೀಯಾ ಅಂತ ಚಿಕ್ಕಪ್ಪನ ಮಗ ಆಗಾಗ ಪೀಡಿಸುತ್ತಾನೆ. ನಾನು ಹೇಳಿಲ್ಲ. ಹೇಳಿದರೆ ಹೈಲೈಟ್ಸ್ ನೋಡಿ ಓದಿಕೊಂಡು ಬರೋ ಜನ ಇವರು.